ಮೂರು ಚಕ್ರದ ಬ್ರೇಕು

ತೈಜ್, ಜನವರಿ ೧೪, ರಾತ್ರಿ

ಮುತ್ತಿಗೆ ಬಿದ್ದ ಊರಿಗೆ ಬ್ರೇಕ್ ಎಣ್ಣೆಯೂ ಬರುವುದಿಲ್ಲ. ಚಿಕ್ಕಪ್ಪ ಮುಕ್ಬಿಲ್‌ನ ಕಾರಿನ ಪೆಡಲು ಒತ್ತಿದರೆ ನೆಲ ಮುಟ್ಟುತ್ತಿತ್ತು. ಅಂಗಳದಲ್ಲಿ ಹಿಂದಿನ ಚಕ್ರ ಬಿಚ್ಚಿದೆವು. ಒಳಗೆಲ್ಲ ಎಣ್ಣೆ ಸೋರಿತ್ತು. ಉಳಿದ ಎಣ್ಣೆ ಮಿಕ್ಕ ಮೂರು ಚಕ್ರಕ್ಕಾದರೂ ಸಿಗಲಿ ಎಂದು ಅವನು ಆ ಚಕ್ರದ ಎಣ್ಣೆ ಕೊಳವೆಯನ್ನು ಇಕ್ಕಳದಿಂದ ಮಡಿಚಿ ಮುಚ್ಚಿಬಿಟ್ಟ.

"ಮೂರೇ ಚಕ್ರದ ಬ್ರೇಕಲ್ಲಿ ಘಾಟಿ ಇಳಿಯೋದು ಕೊಲೆ, ಚಿಕ್ಕಪ್ಪ!" ಎಂದೆ.

"ನಿನ್ನ ಕರಪತ್ರದಲ್ಲಿ ಹೆರಿಗೆ ಮಾಡಿಸ್ತಾರೇನಯ್ಯಾ, ಕ್ರಾಂತಿಕಾರಿ? ಹಾಗಾದ್ರೆ ಅತ್ತಿಗೇನ ಅಲ್ಲಿಗೇ ಕರ್ಕೊಂಡು ಹೋಗು."

ಅತ್ತಿಗೆ ತಖಿಯ್ಯಾಳ ಮಗು ಅಡ್ಡ ತಿರುಗಿದೆ. ಆಸ್ಪತ್ರೆ ಘಾಟಿಯ ಕೆಳಗೆ. ಬೆಳಕಾಗುವ ತನಕ ಕಾವಲಿನವರು ದಾರಿ ಬಿಡುವುದಿಲ್ಲ. ಅನ್ಯಾಯದ ಮೇಲೆ ಇಷ್ಟೆಲ್ಲ ಬರೆದ ನನ್ನಿಂದ ಒಂದು ಬಟ್ಟಲು ಎಣ್ಣೆ ಹುಟ್ಟಿಸಲಾಗಲಿಲ್ಲ.

ನಾಳೆ ನಾನು ಕಾರಿನ ಬಾಗಿಲು ತೆರೆದಿಟ್ಟುಕೊಂಡು, ಮಡಿಲಲ್ಲಿ ಕಲ್ಲು ಹಿಡಿದು ಕೂರಬೇಕು. ಬ್ರೇಕು ಹಿಡಿಯದಿದ್ದರೆ ಕೆಳಗೆ ಹಾರಿ ಅದನ್ನು ಚಕ್ರದ ಅಡಿಗೆ ಕೊಡಬೇಕು. ಕಲ್ಲು ಆರಿಸಿಟ್ಟಿದ್ದೇನೆ. ಅತ್ತಿಗೆ ಮತ್ತೆ ನರಳುತ್ತಿದ್ದಾಳೆ, ಇನ್ನೂ ಬೆಳಕೇ ಆಗಿಲ್ಲ.