ಉಪ್ಪಿನವಳಿಗೆ ತೆರೆದ ಬಾಗಿಲು

ಫೆಬ್ರವರಿ ೧೯, ಬುಧವಾರ
ಅಂಗಡಿಯ ಹಿಂದಿನ ಕೋಣೆ, ಮಧ್ಯಾಹ್ನ

ಅಕ್ಕನಿಗೆ,

ಮೊದಲ ಹಾಳೆಯಲ್ಲಿ ಕೈ ತಾನಾಗಿ ‘ಪ್ರೀತಿಯ ಅಕ್ಕ’ ಎಂದು ಬರೆದುಬಿಟ್ಟಿತ್ತು. ಅದನ್ನು ಹರಿದು ಬುಟ್ಟಿಗೆ ಹಾಕಿ ಇದನ್ನು ಶುರು ಮಾಡಿದ್ದೇನೆ. ನಾವೆಲ್ಲ ಕ್ಷೇಮ. ನೀನೂ ಕ್ಷೇಮವಾಗಿದ್ದೀಯ ಎಂದು ನಿನ್ನ ನಾಲ್ಕು ಮೆಸೇಜುಗಳಿಂದಲೇ ಗೊತ್ತಾಯಿತು. ಅಷ್ಟು ಖುಷಿಯಲ್ಲಿರುವವರಿಗೆ ನೆಗಡಿಯೂ ಬರುವುದಿಲ್ಲ. ಉತ್ತರ ಹತ್ತು ದಿನ ತಡವಾಯಿತು. ತಪ್ಪಾಯಿತು ಎಂದು ಬರೆಯಬೇಕು, ಬರೆಯುವುದಿಲ್ಲ. ನಮ್ಮವರಲ್ಲಿ ಕ್ಷಮೆ ಎಷ್ಟು ಅಗ್ಗವಾಗಿದೆ ಎಂದು ಚಿಕ್ಕಪ್ಪನ ಮನೆಯಲ್ಲಿ ಕಣ್ಣಾರೆ ನೋಡಿದೆನಲ್ಲ.

ಫೋನು ಬಿಟ್ಟು ಕಾಗದ ಹಿಡಿದಿದ್ದಕ್ಕೂ ಕಾರಣವಿದೆ. ಫೋನಿನಲ್ಲಿ ಬಂದದ್ದನ್ನು ನೀನು ಜನರ ಮುಂದೆ ಓದುತ್ತೀಯ. ಬೇಕಾದರೆ ಇದನ್ನೂ ಓದು. ನಿನ್ನದು ಶಾಲೆಯ ಹೆಡ್ ಮಿಸ್ ಗಂಟಲು, ಮೈಕು ಬೇಕಿಲ್ಲ.

ಆ ಭಾನುವಾರದ್ದನ್ನು ಮೊದಲು ಹೇಳಿಬಿಡುತ್ತೇನೆ, ನಿನ್ನ ಕಡೆಯ ಕಥೆಯನ್ನಷ್ಟೇ ನೀನು ನೆನಪಿಟ್ಟುಕೊಂಡಿರುತ್ತೀಯ. ಚಿಕ್ಕಪ್ಪ ನಿವೃತ್ತರಾದರು, ಊಟಕ್ಕೆ ಎಲ್ಲರೂ ಬನ್ನಿ ಎಂದರು, ನಾನು ಮಗಳ ಕೈ ಹಿಡಿದುಕೊಂಡು ಬಂದೆ. ಬಾಗಿಲಲ್ಲಿ ಇಪ್ಪತ್ತು ಜೊತೆ ಚಪ್ಪಲಿ ಚೆಲ್ಲಾಪಿಲ್ಲಿ ಬಿದ್ದಿದ್ದವು. ಒಂದೇ ಒಂದು ಜೊತೆ ಮೂತಿಯನ್ನು ಗೋಡೆಗೆ ಹಚ್ಚಿ ನೆಟ್ಟಗೆ ನಿಂತಿತ್ತು. ನೀನು ಒಳಗಿದ್ದೀಯ ಎಂದು ಅಲ್ಲೇ ಗೊತ್ತಾಯಿತು. ವಾಪಸು ಹೊರಡೋಣ ಎನ್ನುವಷ್ಟರಲ್ಲಿ ಮಗಳು ಓಡಿಯಾಗಿತ್ತು. ನಾಲ್ಕು ವರ್ಷ ನಿನ್ನ ಜೊತೆ ಮಾತು ಬಿಟ್ಟವಳಿಗೆ ಇನ್ನೊಂದು ಮಧ್ಯಾಹ್ನ ಯಾವ ದೊಡ್ಡ ವಿಷಯ ಎಂದುಕೊಂಡು ಮೂಲೆಯ ಕುರ್ಚಿ ಹಿಡಿದೆ.

ಊಟ ಮುಗಿದು ಎಲ್ಲರೂ ಕೈ ತೊಳೆದು ಕೂತಾಗ ನೀನು ಎದ್ದು ನಿಂತೆ. ಚಿಕ್ಕಪ್ಪನ ಬಗ್ಗೆ ಎರಡು ಒಳ್ಳೆಯ ಮಾತಾಡುತ್ತೀಯ ಎಂದುಕೊಂಡೆ. ನೀನು ಕನ್ನಡಕ ಏರಿಸಿ, ಫೋನು ತೆಗೆದು ಓದಿದೆ: “ನೀನು ಮಾಡಿದ್ದು ತಪ್ಪು. ನಿನ್ನ ಜಾಗದಲ್ಲಿ ನಾನಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆನೋ ಏನೋ. ಚಳಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತೀ, ಒಳಗೆ ಬಾ.” ಆಮೇಲೆ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, “ಇದನ್ನ ಬರೆದಿದ್ದು ನನ್ನ ತಂಗಿ. ನನಗೇ ಬರೆದಿದ್ದು. ಅವಳು ನನ್ನನ್ನ ಕ್ಷಮಿಸಿದಾಳೆ” ಅಂದೆ.

ಚಿಕ್ಕಮ್ಮ ಕಣ್ಣೊರೆಸಿಕೊಂಡರು. ಯಾರೋ ಚಪ್ಪಾಳೆ ಕೂಡ ತಟ್ಟಿದರು. ಚಿಕ್ಕಪ್ಪ ನನ್ನ ತಲೆ ಸವರಿ, ಮೆಣಸು ಮೆಣಸು ಅಂತ ಸುಮ್ಮನೆ ಕರೆದೆವು ನಿನ್ನನ್ನ, ದೊಡ್ಡ ಮನಸ್ಸು ನಿನ್ನದು ಎಂದರು. ನಾನು ಮಗಳನ್ನು ಎತ್ತಿಕೊಂಡು ಹೋಗಿ ಚಪ್ಪಲಿ ಹುಡುಕಿದೆ. ಸಂಜೆಗೇ ನಿನ್ನ ಮೊದಲ ಮೆಸೇಜು ಬಂತು: ಬರುವ ತಿಂಗಳ ಮೊದಲ ಭಾನುವಾರ ಬರುತ್ತೀಯಂತೆ, ಮಗುವನ್ನು ನೋಡಬೇಕಂತೆ, ಎರಡು ದಿನ ಇರುತ್ತೀಯಂತೆ.

ಬರಬೇಡ.

ಯಾಕೆಂದರೆ ನೀನು ಹೊತ್ತುಕೊಂಡು ಹೋದದ್ದು ನಿನಗೆ ಕೊಟ್ಟದ್ದಲ್ಲ. ನಾನು ಕಂಪ್ಯೂಟರಿನಲ್ಲಿ ಆಡುವುದನ್ನು ನೀನು ‘ಆ ಬಾಗಿಲಿನ ಆಟ’ ಎಂದು ಮೂಗು ಮುರಿಯುತ್ತಿದ್ದೆ, ಮದುವೆಯಾದ ಹೆಂಗಸಿಗೆ ಇದೆಲ್ಲ ಏನು ಎಂದು ಅಮ್ಮನ ಹತ್ತಿರ ದೂರಿದ್ದೆ. ಎರಡು ವರ್ಷ ಅದರೊಳಗೇ ಓಡಾಡಿದ ಮೇಲೂ ಅದು ನಿನ್ನ ತಲೆಗೆ ಹೋಗಿಲ್ಲ. ಆದ್ದರಿಂದ ನಿನ್ನ ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ಹೇಳುತ್ತೇನೆ. ಹಿಮದ ನಡುವೆ ಒಂದು ಊರು. ಒಳಗಿರುವ ಧಾನ್ಯ ನಲವತ್ತು ಜನರಿಗೆ ಸಾಲುವಷ್ಟು. ಆಡುವವಳು ಊರಬಾಗಿಲು ಕಾಯುವ ಹೆಂಗಸು. ದಿನಾ ಯಾರೋ ಬಂದು ತಟ್ಟುತ್ತಾರೆ. ಮೂರು ಪ್ರಶ್ನೆ ಕೇಳಬಹುದು, ಆಮೇಲೆ ತೆಗೆಯಬೇಕು, ಇಲ್ಲ ಹಾಕಬೇಕು. ಜ್ವರ ಬಂದ ಮಗುವನ್ನು ಬಿಟ್ಟುಕೊಂಡರೆ ಊರಿಗೆಲ್ಲ ಜ್ವರ. ಬಿಡದಿದ್ದರೆ ಬೆಳಿಗ್ಗೆ ಹೊರಗೆ ಒಂದು ಪುಟ್ಟ ಟೋಪಿ ಬಿದ್ದಿರುತ್ತದೆ. ಅಂಕ ಇಲ್ಲ, ಗೆಲುವು ಇಲ್ಲ. ಒಮ್ಮೆ ಒತ್ತಿದ ಮೇಲೆ ಹಿಂದೆ ಹೋಗಿ ಬದಲಾಯಿಸಲು ಬಿಡುವುದಿಲ್ಲ.

ನನ್ನ ಗಂಡನೂ ಒಂದು ವಾರ ಆಡಿ ನೋಡಿದರು. ಆಫೀಸಿನಲ್ಲಿ ಬೈಸಿಕೊಂಡು ಬಂದು ಮನೆಯಲ್ಲೂ ಪಾಪ ಕಟ್ಟಿಕೊಳ್ಳಬೇಕಾ ಎಂದು ಕೈಬಿಟ್ಟರು. ನನಗೆ ಇಷ್ಟವಾದದ್ದೇ ಅದು. ನಾನು ಬೆಳಗಿನಿಂದ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣಿಗೆ ಗಾಜು ಹಾಕಿ, ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ ಎಂದು ಕೇಳುವವಳು. ಇಲ್ಲಿ ಯಾವುದಾದರೂ ಒಂದು ಗಾಜು ಹೊಂದಿಯೇ ಹೊಂದುತ್ತದೆ. ಆ ಆಟದಲ್ಲಿ ಎರಡು ಗಾಜೂ ಮಸುಕು. ಆದರೂ ಒಂದನ್ನು ಆರಿಸಬೇಕು, ಆರಿಸಿದ್ದು ನಾನೇ ಎಂದು ಒಪ್ಪಿಕೊಳ್ಳಬೇಕು, ಬೆಳಿಗ್ಗೆ ಹೋಗಿ ಆ ಟೋಪಿಯನ್ನು ನನ್ನ ಕೈಯಾರೆ ಎತ್ತಬೇಕು.

ಬ್ಲಾಗು ನಡೆಸುವುದೂ ಅದಕ್ಕೇ. ಈ ಆಟದ ಹುಚ್ಚು ಹತ್ತಿದವರು ತಮ್ಮದೇ ಒಂದು ಪಾತ್ರ ಕಟ್ಟಿಕೊಂಡು ಬಂದು ಅಲ್ಲಿ ಬಾಗಿಲು ತಟ್ಟುತ್ತಾರೆ, ನಾನು ಬಾಗಿಲು ಕಾಯುವವಳಾಗಿ ಉತ್ತರ ಬರೆಯುತ್ತೇನೆ. ಊಟದ ಬಿಡುವಿನಲ್ಲಿ, ಇದೇ ಸ್ಟೂಲಿನ ಮೇಲೆ, ಫ್ರೇಮಿನ ಡಬ್ಬಿಗಳ ಮಧ್ಯೆ ಕೂತು. ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಸಾಲಿದೆ: ಇಲ್ಲಿ ಮಾತಾಡುವವಳು ಬಾಗಿಲು ಕಾಯುವವಳು, ಅವಳ ಮಾತನ್ನು ಬರೆಯುವವಳ ತಲೆಗೆ ಕಟ್ಟಬೇಡಿ. ಅಲ್ಲಿ ಇರುವ ಕಟ್ಟಳೆ ಅದೊಂದೇ. ಗಂಟೆ ಹೊಡೆಯುವವನ ಪಾತ್ರದಲ್ಲಿ ಬರುತ್ತಿದ್ದ ಒಬ್ಬರು, ಕಥೆಯಲ್ಲಿ ಅವಳು ಬೈದಳು ಎಂದು ನನ್ನ ಮೇಲೆ ನಿಜವಾಗಿ ಮುನಿಸಿಕೊಂಡರು. ಅವರನ್ನು ಅವತ್ತೇ ಹೊರಗೆ ಹಾಕಿದೆ.

ಚಿಕ್ಕಪ್ಪನ ಮಗಳು ನಿನಗೆ ಬ್ಲಾಗಿನ ವಿಳಾಸ ಕೊಟ್ಟಳಂತೆ. ಅವಳನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ಉಪ್ಪು ಮಾರುವ ಹೆಂಗಸೊಬ್ಬಳು ಬಂದು ತಟ್ಟಿದಳು. ಒಳಗೆ ಬಾ ಎಂದರೆ, ಬರುವುದಿಲ್ಲ, ನನ್ನ ಮೇಲೊಂದು ತಪ್ಪಿದೆ, ಅದನ್ನು ಹೇಳದೆ ಹೊಸ್ತಿಲು ದಾಟುವುದಿಲ್ಲ ಎಂದಳು. ಹೇಳು ಎಂದರೆ ಹೇಳಲೂ ಇಲ್ಲ. ಬಾಗಿಲ ಪಕ್ಕದ ಮಾಡಿನ ಕೆಳಗೆ ಮೂಟೆ ಇಳಿಸಿಕೊಂಡು ಕೂತೇಬಿಟ್ಟಳು. ಕಿಂಡಿಯ ಈಚೆ ಇವಳು, ನನ್ನ ಬಾಗಿಲು ಕಾಯುವವಳು; ಆಚೆ ಅವಳು, ವಾರಕ್ಕೆ ಎರಡು ಸಲ, ಮೂರು ಸಲ. ಜಗಳ ಆಡಿದರು, ಊರಿನವರನ್ನು ಆಡಿಕೊಂಡು ನಕ್ಕರು. ಇವಳು ಎಷ್ಟು ಗದರಿದರೂ ಅವಳು ಕೊನೆಗೆ, ಬಿಸಿಯಾಗಿ ಏನಾದರೂ ತಿಂದೆಯಾ ಎಂದು ಕೇಳದೆ ಬಿಡುತ್ತಿರಲಿಲ್ಲ. ಉಪ್ಪಿನವಳ ಬರಹ ಬಂದ ದಿನ ನನ್ನ ಊಟದ ಡಬ್ಬಿ ತಣ್ಣಗಾಗುತ್ತಿತ್ತು.

ಹೋದ ತಿಂಗಳು ಅವಳು ಬಾಯಿ ಬಿಟ್ಟಳು. ಊರೊಳಗಿನ ಒಬ್ಬ ಹೆಂಗಸಿಗೆ ತಲುಪಿಸಬೇಕಾದ ಕಾಗದವನ್ನು ಅವಳು ಒಂಬತ್ತು ದಿನ ಉಪ್ಪಿನ ಮೂಟೆಯಲ್ಲಿ ಬಚ್ಚಿಟ್ಟಿದ್ದಳಂತೆ. ಓದಿದರೆ ಆ ಹೆಂಗಸು ಹಿಮಕ್ಕೆ ಓಡಿಬರುತ್ತಾಳೆ, ಬಂದರೆ ಸಾಯುತ್ತಾಳೆ ಎಂದು. ಅಷ್ಟರಲ್ಲಿ ಕಾಗದ ಬರೆದವರೇ ಇಲ್ಲವಾದರಂತೆ. ಬಾಗಿಲು ಕಾಯುವವಳು ಕೇಳಿಸಿಕೊಂಡಳು, ಒಳಗೆ ಬಾ ಎಂದಳು. ಉಪ್ಪಿನವಳು ಯಾರೆಂದು ನನಗೇನು ಗೊತ್ತು? ಗೊತ್ತಿದ್ದರೆ ಒಂದಕ್ಷರ ಬರೆಯುತ್ತಿರಲಿಲ್ಲ. ಹೆಸರು ಮರೆಸಿಕೊಂಡು ಬಂದು, ಪಾತ್ರದ ಕೈಯಿಂದ ಕ್ಷಮೆ ಕಿತ್ತುಕೊಂಡು, ಅದನ್ನು ಮದುವೆಯ ಸೀರೆಯ ಹಾಗೆ ಎಲ್ಲರಿಗೂ ಬಿಡಿಸಿ ತೋರಿಸಿದೆಯಲ್ಲ, ನಾಚಿಕೆ ಎನ್ನುವುದು ನಿನ್ನನ್ನು ಕಂಡರೆ ರಸ್ತೆ ದಾಟಿ ಹೋಗುತ್ತದೆಯೇ?

ಅವಳು ಉಪ್ಪಿನವಳನ್ನು ಕ್ಷಮಿಸಿದಳು. ನಾನು ನಿನ್ನನ್ನು ಕ್ಷಮಿಸಿಲ್ಲ.

ಏನನ್ನು ಎಂದು ಕೇಳಬೇಡ. ನನಗೆ ಏಳು ತಿಂಗಳು ತುಂಬಿತ್ತು. ಅದಕ್ಕೆ ಮುಂಚೆ ಎರಡು ಹೋಗಿದ್ದವು. ಡಾಕ್ಟರು ಮಂಚ ಬಿಟ್ಟು ಇಳಿಯಬೇಡ ಎಂದಿದ್ದರು. ಆಗ ಅಮ್ಮ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು, ನಾನು ಅವಳು ಮನೆಯಲ್ಲೇ ಇದ್ದಾಳೆ ಎಂದುಕೊಂಡು ದಿನಾ ನಿನಗೆ ಫೋನು ಮಾಡುತ್ತಿದ್ದೆ. ನೀನು, ಅಮ್ಮನಿಗೆ ಗಂಟಲು ಕಟ್ಟಿದೆ, ಮಾತಾಡೋಕಾಗಲ್ಲ ಎಂದೆ. ಮಲಗಿದಾಳೆ ಎಂದೆ. ಒಂದು ದಿನ, ಸ್ನಾನಕ್ಕೆ ಹೋಗಿದಾಳೆ ಎಂದೆ. ನಾನು ಎಲ್ಲವನ್ನೂ ನಂಬಿದೆ. ಅಮ್ಮ ಹೋಗಿ ಎಲ್ಲ ಮುಗಿದ ಮೂರನೇ ದಿನ ನೀನು ಬಂದು ನನ್ನ ಮಂಚದ ಅಂಚಿನಲ್ಲಿ ಕೂತು, “ನಿನ್ನ ಒಳ್ಳೇದಕ್ಕೇ ಮಾಡಿದ್ದು” ಅಂದೆ. ತಪ್ಪಾಯಿತು ಎನ್ನಲಿಲ್ಲ. ಈ ನಾಲ್ಕು ವರ್ಷದಲ್ಲಿ ನಿನ್ನ ಸ್ವಂತ ಬಾಯಿಂದ ಒಂದು ಸಲವೂ ಎನ್ನಲಿಲ್ಲ. ಅದಕ್ಕೂ ಉಪ್ಪಿನವಳು ಬೇಕಾದಳು.

ಮಗಳು ಗುಂಡುಕಲ್ಲಿನ ಹಾಗಿದ್ದಾಳೆ, ಅದು ನಿನ್ನಿಂದಲೇ ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ಅವಳ ಮುಖ ನೋಡಿದಾಗ ನನಗೂ ಹಾಗೇ ಅನ್ನಿಸುತ್ತದೆ, ಆಮೇಲೆ ನನ್ನ ಮೇಲೇ ಸಿಟ್ಟು ಬರುತ್ತದೆ. ನನ್ನನ್ನು ಕೇಳಿದ್ದರೆ ನಾನೂ ಮಂಚದಲ್ಲೇ ಉಳಿಯುತ್ತಿದ್ದೆನೋ ಏನೋ. ಆದರೆ ಆರಿಸುವವಳು ನಾನಾಗಬೇಕಿತ್ತು. ನನ್ನ ಬಾಗಿಲನ್ನು ನೀನು ಹಾಕಿದೆ, ಹಾಕಿದ್ದು ನನಗೆ ಕಾಣದ ಹಾಗೆ ಹಾಕಿದೆ.

ಹೇಳಬೇಕಾದದ್ದು ಮುಗಿಯಿತು. ಗಿರಾಕಿಗಳು ಬಂದು ಕೂತಿದ್ದಾರೆ. ಹಿರಿಯಳಿಗೆ ನಮಸ್ಕಾರ ಹೇಳಿ ಮುಗಿಸಬೇಕು, ಅದು ನಿನ್ನ ವಯಸ್ಸಿಗೆ. ಮೊಣಕಾಲು ನೋವಿಗೆ ಮಾತ್ರೆ ನುಂಗುತ್ತಲೇ ಇರಬೇಡ, ಯಾರಿಗಾದರೂ ತೋರಿಸು. ಓದುವಾಗ ಫೋನನ್ನು ಒಂದು ಮೊಳ ದೂರ ಹಿಡಿಯುತ್ತಿದ್ದೆ, ಕನ್ನಡಕದ ನಂಬರು ಬದಲಾಗಿದೆ. ಬೇರೆ ಅಂಗಡಿಗೆ ಹೋಗು.

ಇತಿ,
ನೀವೆಲ್ಲ ಮೆಣಸು ಎಂದು ಕರೆಯುವವಳು

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಉಪ್ಪಿನವಳು ಯಾರೆಂದು ನನಗೆ ಅವಳು ಬಂದ ಮೂರನೇ ತಿಂಗಳಿಗೇ ಗೊತ್ತಿತ್ತು. ಮಾಡಿನ ಕೆಳಗೆ ಮಲಗುವ ಮೊದಲು ಅವಳು ಒದ್ದೆ ಬೂಟು ಕಳಚಿ, ಮೂತಿಯನ್ನು ಗೋಡೆಗೆ ತಿರುಗಿಸಿ ಇಟ್ಟಳು ಎಂದು ನೀನು ಬರೆದಿದ್ದೆ. ಹಾಗೆ ಇಡುವವರನ್ನು ನಾನು ಕಂಡಿದ್ದು ಇಬ್ಬರನ್ನೇ, ಅಮ್ಮನನ್ನು ಮತ್ತು ನಿನ್ನನ್ನು. ಅವತ್ತು ಈ ಸ್ಟೂಲಿನ ಮೇಲೆ ಕೂತು ಅತ್ತೆ. ಮರುದಿನ ಎಂದಿನ ಹಾಗೆ ಉತ್ತರ ಬರೆದೆ. ನಿನ್ನ ಜೊತೆ ಮಾತು ಬಿಟ್ಟೂ ನಿನ್ನ ಜೊತೆ ಮಾತಾಡಲು ನನಗಿದ್ದದ್ದು ಆ ಕಿಂಡಿಯೊಂದೇ. ಅದನ್ನು ನೀನು ಇಪ್ಪತ್ತು ಜನರ ಮುಂದೆ ಒಡೆದುಹಾಕಿದೆ.

ಬಾಗಿಲು ತೆಗೆಸಿದ್ದು ನಿನ್ನನ್ನು ಬೆಂಕಿಯ ಪಕ್ಕ ಕೂರಿಸಿ ಒಂದು ಪ್ರಶ್ನೆ ಕೇಳುವುದಕ್ಕೆ: ಆ ಕಾಗದದಲ್ಲಿ ಏನು ಬರೆದಿತ್ತು? ಸೋಮವಾರ ಹಾಕಬೇಕೆಂದು ಬರೆದಿಟ್ಟಿದ್ದೆ, ಭಾನುವಾರ ನೀನು ಎದ್ದು ನಿಂತೆ. ನಾಲ್ಕು ವರ್ಷದಿಂದ ನನ್ನ ಬಾಯಿಂದ ಅದನ್ನು ಕೇಳಲು ಆಗಿಲ್ಲ. ಆ ಒಂಬತ್ತು ದಿನದಲ್ಲಿ ಅಮ್ಮ ನನ್ನನ್ನು ಕೇಳಿದಳಾ? ನಾನು ಯಾಕೆ ಬಂದಿಲ್ಲ ಎಂದು ನೀನು ಅವಳಿಗೆ ಏನು ಹೇಳಿದೆ?

ಪ್ರಶ್ನೆಯನ್ನು ಇವತ್ತು ಬೆಳಿಗ್ಗೆ ಬ್ಲಾಗಿನಲ್ಲಿ ಹಾಕಿದ್ದೇನೆ. ನೀನು ಮನೆಗೆ ಬರಬೇಡ, ಫೋನು ಮಾಡಬೇಡ. ಉಪ್ಪಿನವಳಿಗೆ ಹೇಳು, ಉತ್ತರ ಬರೆಯಲಿ.