ಒಣಕೋಣೆಯ ಅಣಬೆ

ಸೋಮವಾರ, ಸೆಪ್ಟೆಂಬರ್ ೯. ಲಿಬೆರೆಟ್ಸ್, ಚೆಕ್ ದೇಶ

ಯಂತ್ರ ಒರೆಸಿದೆ. ಕರೆಂಟು ಕೊಟ್ಟೆ. ದ್ರಾವಣ ಸವರಿದ ತಂತಿಯಿಂದ ಎಳೆ ಎದ್ದವು — ಕೂದಲಿಗಿಂತ ನೂರಾರು ಪಟ್ಟು ತೆಳು, ಕಣ್ಣಿಗೆ ಬರೀ ಹೊಗೆ. ಈ ಎಳೆಯ ಪೊರೆಯೇ ಗಾಳಿಯ ದೂಳು ಹಿಡಿಯಬೇಕು. ಹಿಡಿಯಲಿಲ್ಲ. ಲ್ಯಾಬಿನಿಂದ ಮತ್ತೆ ಫೋನು: ಎಳೆಯ ತುಂಬ ಗಂಟು, ಅರ್ಧ ದೂಳು ಪೊರೆ ದಾಟಿ ಆಚೆ. ಹೋದ ಸೋಮವಾರವೂ ಇದೇ. ಗುರುವಾರ ತಾನಾಗಿ ಸರಿಹೋಗಿತ್ತು.

ನೂಲು ಕೇಳಿದರೆ ಸೋಲು. ಪ್ರಾಸ ಬಂತು, ಪೊರೆ ಬರಲಿಲ್ಲ.

ಇಂಜಿನಿಯರ್ ಹಿನೆಕ್ ಬಂದ. "ದ್ರಾವಣ ಕಲಸಿದ್ದು ಯಾರು?"

"ನಾನೇ," ಅಂದಳು ನನ್ನ ಜೊತೆ ಕೆಲಸದ ವ್ಲಾಸ್ತಾ. "ಗುರುವಾರ ಸರಿ ಬಂದಾಗ ಯಾರೂ ಕೇಳ್ಲಿಲ್ವಲ್ಲ ಸಾಹೇಬ್ರೇ?"

ಶುಕ್ರವಾರ, ೧೩

ಹಿನೆಕನ ತೀರ್ಮಾನ: ತಪ್ಪು ಕಲಸಿದ ಕೈಯದು. ಸೋಮವಾರದಿಂದ ವ್ಲಾಸ್ತಾ ಮನೆಯಲ್ಲಿರಬೇಕು. ಬುಧವಾರ ಪ್ರಾಗಿನಿಂದ ಡೈರೆಕ್ಟರಮ್ಮ ಬಂದು ಅವಳ ಕೆಲಸ ಉಳಿಸುವುದೋ ಕಳೆಯುವುದೋ ನೋಡುತ್ತಾರೆ.

ಕೂತಲ್ಲಿ ಕೂರಲಾಗದು. ನನ್ನೆದುರೇ ತೂಗಿ ಕಲಸಿದ್ದಳು. ತೇವ ಇರಬಹುದೇ? ತೇವವಿದ್ದರೆ ಎಳೆ ಒಣಗದೆ ಗಂಟಾಗುತ್ತದೆ. ಆದರೆ ತೇವದ ಮಾಪಕ ಎಲ್ಲ ಒಣ ಅನ್ನುತ್ತದೆ. ಅದನ್ನು ತೂಗುಹಾಕಿರುವುದು ಒಣಗಾಳಿ ಬರುವ ಬಾಯಿಯ ಪಕ್ಕ... ಅಡುಗೆಮನೆಯಲ್ಲಿ ಕೂತವನಿಗೆ ಊರಿನ ಬರ ಗೊತ್ತಾಗುತ್ತದೆಯೇ?

ಭಾನುವಾರ, ೧೫. ಮಧ್ಯಾಹ್ನ

ಊರಿಗೆ ಊರೇ ಬುಟ್ಟಿ ಹಿಡಿದು ಅಣಬೆ ಆಯಲು ಕಾಡಿಗೆ. ನಾನು ಫ್ಯಾಕ್ಟರಿಗೆ. ಮನಸ್ಸು ಕೇಳಲಿಲ್ಲ.

ಯಂತ್ರದ ಬೆನ್ನ ಹಿಂದೆ, ಯಾರೂ ಹೋಗದ ಸಂದಿ — ಹಗ್ಗದ ತುಂಬ ಹೆಚ್ಚಿ ಪೋಣಿಸಿದ ಹಸಿ ಅಣಬೆ. ಕೆಳಗೆ ಪೇಪರ್ ಹಾಸಿ ಇನ್ನಷ್ಟು. ದ್ರಾವಣದ ಹುಳಿ ನಾತದಲ್ಲಿ ಇವುಗಳ ವಾಸನೆ ಮೂಗಿಗೆ ತಿಳಿದಿರಲೇ ಇಲ್ಲ. ಮೊಣಕಾಲೂರಿ ಒಂದೊಂದೇ ಮಗುಚುತ್ತಿದ್ದ ಹಿನೆಕ್. ಒದ್ದೆ ಛತ್ರಿ ಒಳಗೆ ತಂದರೆ ಮೈಮೇಲೆ ಬರುವ ಆಸಾಮಿ!

"ಹೆದರಿಸಿಬಿಟ್ಯಲ್ಲೋ! ಊರಲ್ಲಿ ಇಂಥ ಒಣ ಕೋಣೆ ಇನ್ನೊಂದಿಲ್ಲ ಕಣೋ. ಮನೇಲಿ ಹುಳ ಬೀಳುತ್ತೆ, ಇಲ್ಲಿ ನಾಕು ದಿನಕ್ಕೆ ಗರಿಗರಿ. ತಗೊಂಡ್ಹೋಗು ಒಂದು ಸರ."

"ಇವುಗಳ ನೀರೆಲ್ಲ ಎಲ್ಲಿಗೆ ಹೋಗುತ್ತೆ ಸಾಹೇಬ್ರೇ?"

ನಗು ನಿಂತಿತು. ಅಣಬೆ ನೋಡಿದ. ಯಂತ್ರ ನೋಡಿದ.

"ಬುಧವಾರ ಡೈರೆಕ್ಟರಮ್ಮಂಗೆ ನಾನೇ ಹೇಳ್ತೀನಿ." ಎಲ್ಲ ಬುಟ್ಟಿಗೆ ತುಂಬಿಕೊಂಡು ಹೋದ.

ಸೋಮವಾರ, ೧೬

ಪೊರೆ ಪಾಸ್. ಒಂದು ಗಂಟೂ ಇಲ್ಲ. ಕಲಸಿದ್ದು ನಾನು, ವ್ಲಾಸ್ತಾಳ ಅಳತೆಯಲ್ಲೇ.

ಕ್ಯಾಂಟೀನಿನಲ್ಲಿ ಹಿನೆಕ್, ಎಲ್ಲರಿಗೂ ಕೇಳುವಂತೆ: "ನೋಡಿದ್ರಾ? ಕೈ ಬದಲಾಯ್ತು, ಕೆಲಸ ಸರಿಯಾಯ್ತು."

ನನ್ನ ಕಡೆ ತಿರುಗಲಿಲ್ಲ. ಕಡುಬಿನ ತಟ್ಟೆ ಹಾಗೇ ವಾಪಸ್ ಇಟ್ಟು ಎದ್ದು ಬಂದೆ.

ಮಂಗಳವಾರ, ೧೭

ವ್ಲಾಸ್ತಾ ತನ್ನ ಕಾಫಿ ಮಗ್ ಒಯ್ಯಲು ಬಂದಿದ್ದಳು.

"ನಾನಿಲ್ದೇ ಇದ್ರೆ ಸರಿ ಬಂತಂತೆ. ವಯಸ್ಸಾಯ್ತೇನೋ ಲುಬೋರ್. ಬೆಳಗ್ಗೆ ಮನೇಲಿ ಹಿಟ್ಟು ತೂಗಿ ತೂಗಿ ನೋಡ್ದೆ. ನನ್ ಕೈನ ನಾನೇ ನಂಬ್ತಿಲ್ಲ ಮಾರಾಯ."

ಬಾಯಿ ಬರಲಿಲ್ಲ. ಅಣಬೆ ಮಾಯ. ಉಳಿದದ್ದು ನನ್ನ ಬಾಯಿಮಾತು, ಅವನ ಪದವಿ.

ಕೆಲಸ ಮುಗಿದದ್ದೇ ಕಾಡಿಗೆ ಹೋದೆ. ಎರಡು ಬುಟ್ಟಿ. ಹೆಚ್ಚಿ, ಹಿನೆಕನ ಹಗ್ಗಕ್ಕೇ ಪೋಣಿಸಿ ಬಂದೆ.

ಬುಧವಾರ, ೧೮. ಕ್ಯಾಂಟೀನಿನಲ್ಲಿ ಕೂತು ಬರೆದದ್ದು

"ಇವತ್ತು ನೀವೇ ಕಲಸಿ ಸಾಹೇಬ್ರೇ," ಅಂದೆ, ಡೈರೆಕ್ಟರಮ್ಮನ ಎದುರಿಗೆ. ಖುಷಿಯಿಂದ ಕಲಸಿದ. ಪೊರೆ ಬಂತು — ಗಂಟೋ ಗಂಟು.

"ಈಗ ಯಾರ ಕೈ, ಇಂಜಿನಿಯರೇ?" ಅಂದರು ಆಯಮ್ಮ.

ಸಂದಿಗೆ ಕರೆದೊಯ್ದು ತೋರಿಸಿದೆ.

"ಯಾರದಿದು?"

"ಇವತ್ತಿನವು ನನ್ನವು ಮೇಡಂ. ಹಿಂದಿನವು..."

ಹಿನೆಕ್ ಕನ್ನಡಕ ತೆಗೆದು ಒರೆಸಿದ. ಒರೆಸುತ್ತಲೇ ಇದ್ದ. "ನನ್ನವು," ಅಂದ ಕೊನೆಗೆ.

ನನ್ನನ್ನು ಹೊರಗೆ ಕಳಿಸಿದರು. ಇವತ್ತು ಬೇಕೆಂದೇ ಮಾಲು ಕೆಡಿಸಿದ ನನಗೆ ಏನು ಕಾದಿದೆಯೋ. ವ್ಲಾಸ್ತಾಳಿಗೆ ಫೋನು ಮಾಡಿದೆ. ಎಲ್ಲ ಕೇಳಿದಳು.

"ಹಾಗಾದ್ರೆ ನನ್ ಕೈ ಸರಿಯಾಗೇ ಇದೆ."

"ಇದೆ, ವ್ಲಾಸ್ತಕ್ಕ."

"ಲೇ ಮಂಕೇ, ನಿನ್ನೆ ನಾನು ಅಷ್ಟು ಹೇಳ್ಕೊಂಡಾಗ ಬಾಯಿ ಬಿಡೋಕೇನಾಗಿತ್ತು ನಿಂಗೆ?"

ಫೋನು ಇಟ್ಟುಬಿಟ್ಟಳು. ಬಾಗಿಲು ತೆರೆಯಿತು, ನನ್ನನ್ನೇ ಕರೆಯುತ್ತಿದ್ದಾರೆ. ವ್ಲಾಸ್ತಕ್ಕನಿಗೆ ಹೇಳಬೇಕಾದದ್ದು ಇಷ್ಟೇ — ನಿನ್ನೆ ನನಗೆ ಹೆದರಿಕೆಯಾಗಿತ್ತು.