ಗೆಂಡೆಗೆ ಹೆದರಿಕೆ ಕಲಿಸಿದ ವರ್ಷ

ಮಳೆತಿಂಗಳು ನಲವತ್ತಮೂರು, 2171
ಕೆಂಬರೆ ಹಳ್ಳದ ದಡ, ಮದ್ದೂರು

ಹೊಲಿಗೆ ಅಂಗಡಿಯ ವನಜಾಕ್ಷಿ ಅಜ್ಜಿಯವರಿಗೆ, ಆರನೇ ತಲೆಮಾರಿನ ನಿಮ್ಮ ಮಗಳು ಮಾದೇವಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಮೊದಲ ಮಳೆಯಿಂದ ಕೊನೆಯ ಮಳೆಯವರೆಗೆ ಒಂದೇ ತಿಂಗಳು. ಕೆಲವು ವರ್ಷ ಅದು ಇಪ್ಪತ್ತು ದಿನಕ್ಕೆ ಮುಗಿಯುತ್ತದೆ, ಕೆಲವು ವರ್ಷ ನೂರು ದಾಟುತ್ತದೆ. ಕಾಗದದಲ್ಲಿ ನಿಮಗೆ ಅರ್ಥವಾಗದ ಮಾತು ಇನ್ನೂ ಬರಬಹುದು, ಕ್ಷಮಿಸಿ. ಅಜ್ಜಿ ಎಂದು ಕರೆದದ್ದಕ್ಕೂ ಕ್ಷಮಿಸಿ. ಈ ಕಾಗದ ಹಿಂದಕ್ಕೆ, ನಿಮ್ಮ ಕಾಲಕ್ಕೆ ತಲುಪುವ ಹೊತ್ತಿಗೆ ನಿಮಗೆ ಮೂವತ್ತೆಂಟು, ನನಗೆ ಐವತ್ತಾರು.

ನಿಮ್ಮ ನೋಟುಪುಸ್ತಕ ನಮ್ಮಲ್ಲಿದೆ. ಹಳ್ಳ ಬತ್ತಿ ಉಳಿದ ಗುಂಡಿಯಿಂದ ಹನ್ನೊಂದು ಗೆಂಡೆ ಹಿಡಿದು ತಂದೆ ಎಂದು ಮೊದಲ ಪುಟದಲ್ಲಿ ಬರೆದಿದ್ದೀರಿ. ಬೆರಳುದ್ದದ ಬೆಳ್ಳಿ ಮೀನು, ಬಾಲದ ಬುಡದಲ್ಲಿ ಕಪ್ಪು ಚುಕ್ಕೆ. ಬಣ್ಣದ ಮೀನು ತರುವುದು ಬಿಟ್ಟು ಸಾರಿನ ಮೀನನ್ನು ಗಾಜಿನಲ್ಲಿಟ್ಟಳಲ್ಲ ಎಂದು ಬೀದಿಯವರು ನಕ್ಕರಂತೆ. ಆ ಹನ್ನೊಂದರ ಸಂತತಿ ಇವತ್ತಿಗೂ ನಮ್ಮ ಮನೆಯಲ್ಲಿದೆ.

ನಮ್ಮದು ಈಗ ಮೀನ್ಮನೆ. ಒಂದು ಹಳ್ಳದ ಮೀನನ್ನು ಬೇರೆಯದರ ಜೊತೆ ಬೆರೆಸದೆ ಸಾಕುವ ಮನೆಗೆ ಹಾಗೆನ್ನುತ್ತಾರೆ. ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಯೇ ಗಾಜಿನ ತೊಟ್ಟಿ. ಒಗ್ಗರಣೆ ಹಾಕುವವರನ್ನು ಮೀನುಗಳು ಈ ಕಡೆಯಿಂದ, ಓದುತ್ತಾ ಕೂತವರನ್ನು ಆ ಕಡೆಯಿಂದ ನೋಡುತ್ತವೆ. ಮಾಳಿಗೆಯ ಮಳೆನೀರನ್ನು ಒಂದು ದಿನ ಇಟ್ಟು ತಿಳಿಯಾಗಿಸಿ ತುಂಬುತ್ತೇವೆ. ಮೊಟ್ಟೆ ಇಡುವ ದಿನಗಳಲ್ಲಿ ದೊಡ್ಡವನ್ನು ಬೇರೆ ಮಾಡುತ್ತೇವೆ, ಇಲ್ಲದಿದ್ದರೆ ತಮ್ಮ ಮೊಟ್ಟೆಯನ್ನು ತಾವೇ ತಿನ್ನುತ್ತವೆ. ಇದೆಲ್ಲ ನಿಮ್ಮ ಪುಸ್ತಕದಿಂದಲೇ ಕಲಿತದ್ದು. ಉಣಿಸುವ ಕೆಲಸ ಮಾತ್ರ ನಮ್ಮಪ್ಪ ನಿಂಗರಾಜುವಿನದು. ಬೆಳಿಗ್ಗೆ ಎದ್ದವನೇ, ನೀವು ಬರೆದಿಟ್ಟಂತೆಯೇ, ಬೆರಳ ತುದಿಗೆ ಅನ್ನದ ಅಗುಳು ಅಂಟಿಸಿ ನೀರಿಗಿಳಿಸುತ್ತಾನೆ. ಅಮ್ಮ ತೀರಿಕೊಂಡ ಮೇಲೆ ಅವನು ಹೆಚ್ಚು ಮಾತಾಡಿದ್ದು ಆ ಮೀನುಗಳ ಜೊತೆಗೇ.

ಇಪ್ಪತ್ತೇಳು ವರ್ಷ ಒಣಗಿದ್ದ ಕೆಂಬರೆ ಹಳ್ಳಕ್ಕೆ ಮೂರು ವರ್ಷದ ಹಿಂದೆ ನೀರು ಮರಳಿತು. ಎರಡು ಮಳೆತಿಂಗಳು ಕಳೆದರೂ ಅದು ನಿಂತದ್ದನ್ನು ನೋಡಿ ಹೊಳೆಗಾರ್ತಿ ಶಾಹಿದಾ ನಮ್ಮ ಮನೆಗೆ ಬಂದಳು. ಯಾವ ನೀರಿಗೆ ಯಾವ ಜೀವ ಬಿಡಬೇಕೆಂದು ತೀರ್ಮಾನಿಸುವವರಿಗೆ ನಮ್ಮಲ್ಲಿ ಹೊಳೆಗಾರ್ತಿ ಎನ್ನುತ್ತಾರೆ. ಗೆಂಡೆ ಬಿಡಬಹುದು ಎಂದಳು. ಅಪ್ಪ ಆವತ್ತು ಹೊಸ ಅಂಗಿ ಹಾಕಿಕೊಂಡ.

ಐವತ್ತೆರಡು ಮೀನು ಒಯ್ದೆವು. ಅಪ್ಪ ಮೊಣಕಾಲುದ್ದ ನೀರಿಗಿಳಿದು ಪಾತ್ರೆ ಬಾಗಿಸಿದ. ಅವು ಎಲ್ಲಿಗೂ ಹೋಗಲಿಲ್ಲ. ಅವನ ಕಾಲಿನ ಸುತ್ತ ತಲೆಯೆತ್ತಿಕೊಂಡು ಅನ್ನಕ್ಕೆ ಕಾದು ನಿಂತವು. ಅಷ್ಟರಲ್ಲಿ ಬೆಳ್ಳಕ್ಕಿಗಳು ಇಳಿದವು. ಹಕ್ಕಿಯ ನೆರಳು ಬಿದ್ದ ಕಡೆಗೇ ಮೀನುಗಳು ಈಜಿದವು, ಯಾರೋ ಉಣಿಸಲು ಬಂದರೆಂದು. ಅಪ್ಪ ಟವೆಲು ಬೀಸಿದ, ಕೂಗಿದ, ನೀರಿನಲ್ಲಿ ಎಡವಿ ಬಿದ್ದ. ಮಧ್ಯಾಹ್ನದೊಳಗೆ ನಾಲ್ಕೋ ಐದೋ ಉಳಿದವು. ಆವತ್ತು ಅವನು ಊಟಕ್ಕೆ ಏಳಲಿಲ್ಲ.

ಶಾಹಿದಾ ಬೈಯಲಿಲ್ಲ. ಗೋಡೆಯ ತೊಟ್ಟಿಯ ಮುಂದೆ ಬಹಳ ಹೊತ್ತು ಕೂತಿದ್ದು, "ಈ ಮೀನ್ಗೆ ಈಜೋದು ಗೊತ್ತದೆ, ಹೆದ್ರೋದು ಮರ್ತೋಗದೆ," ಎಂದಳು. ಒಂದು ವರ್ಷ ಕಾಯುತ್ತೇನೆ, ಆಮೇಲೂ ಹೀಗೇ ಇದ್ದರೆ ಬೇರೆ ಹಳ್ಳದ ಗೆಂಡೆ ತಂದು ಬಿಡಬೇಕಾಗುತ್ತದೆ ಎಂದು ತಿಳಿಸಿ ಹೋದಳು. ಹಾಗಾದರೆ ನಿಮ್ಮ ಗೆಂಡೆಗೆ ಗಾಜೇ ಗತಿ.

ನಾನು ಪಂಪು ರಿಪೇರಿ ಮಾಡುವವಳು. ಮಾಳಿಗೆಯ ಮೇಲೆ ಉದ್ದದ ಕಲ್ಲಿನ ತೊಟ್ಟಿ ಕಟ್ಟಿಸಿ, ಪಂಪು ಕೂರಿಸಿ, ಹಳ್ಳದಲ್ಲಿ ಹರಿದಂತೆ ನೀರು ಹರಿಸಿದೆ. ಅಡಿಯಲ್ಲಿ ಬಂಡೆ, ಪಾಚಿ, ಸಂದುಗಳು. ಮೊಟ್ಟೆಗಳನ್ನು ಅಲ್ಲಿಗೆ ಸಾಗಿಸಿದೆವು. ಅಲ್ಲಿ ಹುಟ್ಟಿದ ಮರಿಗಳು ಮನುಷ್ಯರ ಕೈ ನೋಡಬಾರದು. ತಿಂಡಿಯೂ ಕೊಳವೆಯಲ್ಲೇ ಬರಬೇಕು. ಮೇಲೆ ನೆರಳು ಬಿದ್ದರೆ ಅದು ಕೆಟ್ಟದ್ದೆಂದು ಅವಕ್ಕೆ ತಿಳಿಯಬೇಕು. ಅದಕ್ಕೆ ಒಂದು ಕೋಲಿಗೆ ಬಿಳಿ ಬಟ್ಟೆ ಕಟ್ಟಿ, ತುದಿಗೆ ಮೊಂಡು ಮರದ ಕೊಕ್ಕು ಸಿಕ್ಕಿಸಿದೆ. ಹೊತ್ತಲ್ಲದ ಹೊತ್ತಿನಲ್ಲಿ ಬಂದು ಅದರಿಂದ ತಿವಿದು ಅಟ್ಟುವವರು ಬೇಕಿತ್ತು. ನನಗೆ ಕೆಲಸವಿತ್ತು. ಅಪ್ಪನನ್ನು ಕೇಳಲು ಬಾಯಿ ಬರಲಿಲ್ಲ.

ಅವನೇ ಮೆಟ್ಟಿಲು ಹತ್ತಿ ಬಂದ. "ನನ್ ಕಂಡ್ರೆ ಓಡೋಗ್ಬೇಕು, ಅಷ್ಟೇ ತಾನೆ? ಕೊಡವ್ವ ಕೋಲ."

ಎಂಟು ತಿಂಗಳು ಅವನು ಬೆಳ್ಳಕ್ಕಿಯಾಗಿದ್ದ. ಮೊದಮೊದಲು ಕೊಕ್ಕು ನೀರಿಗಿಳಿದರೆ ಮರಿಗಳು ಹತ್ತಿರ ಬಂದು ಮೂಸಿ ನೋಡುತ್ತಿದ್ದವು. ಅವನ ಏಟು ತಪ್ಪುತ್ತಿತ್ತು. ಸರಿಯಾಗಿ ತಿವಿದ ದಿನ ಕೆಳಗಿಳಿದು ಬಂದು ಗೋಡೆಯ ತೊಟ್ಟಿಯ ಹಳೆಯ ಮೀನುಗಳ ಮುಂದೆ ನಿಲ್ಲುತ್ತಿದ್ದ. ಸಾಕು ಬಿಡಪ್ಪ, ಬೇರೆ ಯಾರನ್ನಾದರೂ ಇಡೋಣ ಎಂದು ಎರಡು ಸಲ ಹೇಳಿದೆ. ಅವನು ತಲೆಯಾಡಿಸಿ ಮತ್ತೆ ಮೇಲೆ ಹೋದ. ಐದನೇ ತಿಂಗಳಲ್ಲಿ ಒಂದು ಮಧ್ಯಾಹ್ನ ನಾನು ಪಂಪು ಒರೆಸುತ್ತಿದ್ದೆ. ಅಪ್ಪ ಕೋಲಿಲ್ಲದೆ, ಒಣಗಿದ ಬಟ್ಟೆ ಎತ್ತಿಕೊಳ್ಳಲು ಬಂದ. ಅವನ ನೆರಳು ತೊಟ್ಟಿಯಂಚಿಗೆ ತಾಗಿತಷ್ಟೇ, ನೀರಿನಲ್ಲಿ ಒಂದು ಮೀನೂ ಕಾಣಲಿಲ್ಲ. ಎಲ್ಲವೂ ಕಲ್ಲಿನ ಸಂದಿಗೆ ಸೇರಿದ್ದವು. ಅವನು ಬಟ್ಟೆ ಹೆಗಲಿಗೆ ಹಾಕಿಕೊಂಡು ಖಾಲಿ ನೀರನ್ನೇ ನೋಡುತ್ತಾ ನಿಂತ. ಅವನ ಮುಖದಲ್ಲಿ ಸಂತೋಷವೂ ಇತ್ತು, ಇನ್ನೊಂದೂ ಇತ್ತು. ನಾನು ತಲೆಯೆತ್ತದೆ ಪಂಪು ಒರೆಸಿದೆ.

ಹೋದ ಮಳೆತಿಂಗಳಲ್ಲಿ ಮುನ್ನೂರು ಬಿಟ್ಟೆವು. ಪಾತ್ರೆ ಬಾಗಿದ ಕ್ಷಣ ಅವು ಮಾಯ. ಬೆಳ್ಳಕ್ಕಿಗಳು ಬಂದವು, ಒಂದಷ್ಟನ್ನು ಹಿಡಿದವು. ಹಿಡಿಯಲಿ, ಅದೂ ಹಳ್ಳದ ಜೀವವೇ. ಮೊನ್ನೆ ಶಾಹಿದಾ ಕೆಳಗಿನ ತಿರುವಿನಲ್ಲಿ ಬಲೆಯಾಡಿಸಿ ನಮ್ಮನ್ನು ಕರೆದಳು. ಅವಳ ಅಂಗೈಯ ನೀರಿನಲ್ಲಿ ಉಗುರಗಲದ ಮರಿಗಳು, ಬಾಲದ ಬುಡದಲ್ಲಿ ಆಗತಾನೇ ಮೂಡುತ್ತಿರುವ ಕಪ್ಪು ಚುಕ್ಕೆ. ಹಳ್ಳದಲ್ಲೇ ಹುಟ್ಟಿದವು. ಅಪ್ಪ ಕನ್ನಡಕ ಒರೆಸಿಕೊಂಡು ಎರಡನೇ ಸಲ ನೋಡಿದ. ಇನ್ನು ಈ ಮೀನು ಇಲ್ಲೇ ಇರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಈ ಕಾಗದ ಬರೆಯಲು ಕೂತಾಗ ನಿಮ್ಮಲ್ಲಿ ಎರಡು ಕೋರಿಕೆ ಇಡಬೇಕೆಂದಿದ್ದೆ. ಅಂಗಡಿಯಿಂದ ತಂದ ಬಣ್ಣದ ಮೀನನ್ನು ಯಾರೇ ಹಳ್ಳಕ್ಕೆ ಸುರಿಯಲು ಬಂದರೂ ತಡೆಯಿರಿ ಎಂಬುದು ಮೊದಲನೆಯದು. ಅದು ಹಾಗೇ ಇರಲಿ. ಎರಡನೆಯದು, ದಯವಿಟ್ಟು ಮೀನಿಗೆ ಬೆರಳಿನಿಂದ ಉಣಿಸಬೇಡಿ, ಅದರಿಂದ ನಮಗೆ ಬಹಳ ಕಷ್ಟವಾಯಿತು ಎಂದು. ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಅವನು ಕೇಳಿ, "ಅದ ಹೊಡ್ದಾಕು ಕಣವ್ವ. ಬೆರಳತ್ರ ಬರ್ದೇ ಇದ್ದಿದ್ರೆ ಯಾರ್ ಸಾಕ್ತಿದ್ರು ಇಷ್ಟ್ ವರ್ಷ?" ಎಂದ.

ಹೊಡೆದು ಹಾಕಿದ್ದೇನೆ. ಈ ಕಾಗದ ಸಿಕ್ಕ ದಿನ ನೀವು ಗುಂಡಿಯಿಂದ ಹಿಡಿಯುವ ಆ ಹನ್ನೊಂದನ್ನು ಬಿಸಿಲೇರುವ ಮುಂಚೆ ಮನೆಗೆ ಕರೆದುಕೊಂಡು ಹೋಗಿ. ಹೆಸರಿಡಿ, ಮಾತಾಡಿಸಿ, ಬೆರಳು ಕೊಡಿ. ಹೆದರಿಸುವ ಕೆಲಸ ನಮಗಿರಲಿ.

ನಿಮ್ಮ
ಮಾದೇವಿ